ಕೂಸನ್ನು ಅಜ್ಜಿ ಹತ್ತಿರ ಬಿಟ್ಟು ದುಡಿಯಲು ಹೋಗುವ ಮುಂಚೆ ಏನೇನು ಮಾಡಬೇಕು, ಏನು ಮಾಡಬಾರದು

ದೀಪಾವಳಿ ಮುಗಿದರೆ ಸಾಕು, ಇದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಕೂಸಿಗೆ ಈಗ ವರ್ಷ ತುಂಬಿದೆ. ಅವರ ಅಜ್ಜಿ ಹತ್ತಿರ ಬಿಟ್ಟು ಬೆಂಗಳೂರಿಗೆ ಹೋದರೆ ಏನಾದರೂ ಆಗುತ್ತದಾ?" ಕೇಳುವವರು ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗುಳೆ ಹೋಗುವವರು ಮಾತ್ರ ಅಲ್ಲ. ಹೊರ ಜಿಲ್ಲೆಯಲ್ಲಿ ನರ್ಸ್ ಕೆಲಸ ಸಿಕ್ಕವರು ಕೇಳುತ್ತಾರೆ, ಪರೀಕ್ಷೆಗೆ ಓದಲು ಧಾರವಾಡಕ್ಕೆ ಹೋಗುವವರು ಕೇಳುತ್ತಾರೆ, ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದು ಮಗುವನ್ನು ಸಿಂಧನೂರಿನ ತವರುಮನೆಯಲ್ಲಿ ಬಿಟ್ಟವರೂ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

"ಬೇಡಮ್ಮ, ಕೂಸನ್ನ ಬಿಟ್ಟು ಹೋಗಬೇಡ" ಎಂದು ಹೇಳುವುದು ಸುಲಭ. ಮೇಸ್ತ್ರಿ ಕೈಯಿಂದ ಅಡ್ವಾನ್ಸ್ ತಗೊಂಡಾಗಿದೆ, ಮಳೆ ಕೈಕೊಟ್ಟಿದೆ, ಮನೆ ಮೇಲೆ ಸಾಲ ಇದೆ ಎನ್ನುವವರಿಗೆ ಆ ಮಾತಿನಿಂದ ಏನೂ ಉಪಯೋಗವಿಲ್ಲ. ಹಾಗಂತ "ಅಷ್ಟು ಸಣ್ಣ ಕೂಸಿಗೇನು ತಿಳಿತದ, ನಾಲ್ಕು ದಿನ ಅತ್ತು ಸುಮ್ಮನಾಗ್ತದ" ಎನ್ನುವ ಹಿರಿಯರ ಸಮಾಧಾನವನ್ನೂ ನಂಬಬೇಡಿ. ತಿಳಿಯುತ್ತದೆ. ಎಷ್ಟು ತಿಳಿಯುತ್ತದೆ, ಅದರಿಂದ ಎಷ್ಟು ಪೆಟ್ಟು ಬೀಳುತ್ತದೆ ಎಂಬುದು ಮೂರು ವಿಷಯಗಳ ಮೇಲೆ ನಿಂತಿದೆ. ಕೂಸಿನ ವಯಸ್ಸೆಷ್ಟು, ಯಾರ ಕೈಯಲ್ಲಿ ಬಿಟ್ಟಿರಿ, ಹೇಗೆ ಬಿಟ್ಟಿರಿ. ಮೊದಲನೆಯದು ನಿಮ್ಮ ಕೈಯಲ್ಲಿಲ್ಲ, ಉಳಿದೆರಡು ಇವೆ.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಹುಟ್ಟಿದ ಕೂಸಿಗೆ ಅವ್ವನ ದನಿ, ಅವ್ವನ ಮೈವಾಸನೆ ಮೊದಲ ದಿನಗಳಲ್ಲೇ ಗುರುತು ಸಿಗುತ್ತದೆ. ಆದರೆ ಆರೇಳು ತಿಂಗಳ ಹೊತ್ತಿಗೆ ನಿಜವಾದ ಬದಲಾವಣೆ ಕಾಣುತ್ತದೆ. ಅಲ್ಲಿಯವರೆಗೆ ಯಾರು ಎತ್ತಿಕೊಂಡರೂ ನಗುತ್ತಿದ್ದ ಕೂಸು ಹೊಸಬರನ್ನು ಕಂಡರೆ ಮುಖ ಸಣ್ಣ ಮಾಡುತ್ತದೆ, ಅವ್ವ ಬಾಗಿಲು ದಾಟಿದರೆ ಅಳುತ್ತದೆ. ದಿನಾ ಉಣಿಸುವ, ಮಲಗಿಸುವ, ಅತ್ತಾಗ ಓಡಿ ಬರುವ ಒಬ್ಬಿಬ್ಬರನ್ನು ಅದು ಗಟ್ಟಿಯಾಗಿ ಹಚ್ಚಿಕೊಂಡಿರುತ್ತದೆ. ಪುಸ್ತಕದ ಭಾಷೆಯಲ್ಲಿ ಇದನ್ನೇ ಅಟ್ಯಾಚ್‌ಮೆಂಟ್ ಎನ್ನುತ್ತಾರೆ. ಹಚ್ಚಿಕೊಂಡವರು ಕಣ್ಣಿಗೆ ಕಾಣದಿದ್ದಾಗ ಆಗುವ ಆತಂಕಕ್ಕೆ ಸೆಪರೇಶನ್ ಆಂಗ್ಸೈಟಿ ಅಂತ ಹೆಸರು. ಇದು ರೋಗ ಅಲ್ಲ, ಕೂಸಿನ ಮನಸ್ಸು ಬೆಳೆಯುತ್ತಿದೆ ಎಂಬುದರ ಗುರುತು. ಸುಮಾರು 10ರಿಂದ 18 ತಿಂಗಳಲ್ಲಿ ಇದು ಜೋರಾಗಿರುತ್ತದೆ, ಮೂರು ವರ್ಷದ ಹೊತ್ತಿಗೆ ಎಷ್ಟೋ ಕಡಿಮೆಯಾಗುತ್ತದೆ.

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ತಾಯಿಯ ಆರೈಕೆ ಬಹಳ ಕಾಲ ತಪ್ಪಿದರೆ ಮಗುವಿನ ಮನಸ್ಸಿಗೆ ಹಾನಿ ಎಂದು ಹೇಳಿದರು. ಜನ ಅದನ್ನು ಎಳೆದು, ತಾಯಿ ಮನೆಬಿಟ್ಟು ಕದಲಲೇಬಾರದು ಎನ್ನುವವರೆಗೆ ಹೋದರು. ಆಮೇಲೆ ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋದಲ್ಲಿ 60 ಕೂಸುಗಳನ್ನು ತಿಂಗಳುಗಟ್ಟಲೆ ನೋಡಿ 1964ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದವು. ಅಪ್ಪ, ಅಜ್ಜಿ, ಅಣ್ಣ, ಅಕ್ಕ ಎಲ್ಲರೂ ಆ ಪಟ್ಟಿಯಲ್ಲಿದ್ದರು. ನಮ್ಮ ಕೂಡು ಮನೆಗಳಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ, ಅಲ್ವಾ? ಕೂಸಿಗೆ ಅವ್ವನೇ ಬೇಕು ನಿಜ. ಅವ್ವ ಇಲ್ಲದಾಗ ಮೊದಲೇ ಹಚ್ಚಿಕೊಂಡ ಇನ್ನೊಬ್ಬರು ಇದ್ದರೆ ಅದು ತಡೆದುಕೊಳ್ಳುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಇದೇ ಆಧಾರದ ಮೇಲೆ ಬಂದವು.

1. ವಯಸ್ಸು ನೋಡಿ ತೀರ್ಮಾನ ಮಾಡಿ

ಆರು ತಿಂಗಳೊಳಗಿನ ಕೂಸನ್ನು ಬಿಟ್ಟು ಹೋಗಬೇಡಿ. ಇಲ್ಲಿ ಮನಸ್ಸಿಗಿಂತ ಹೊಟ್ಟೆಯ ಪ್ರಶ್ನೆ ದೊಡ್ಡದು. ಮೊದಲ ಆರು ತಿಂಗಳು ಬರೀ ಎದೆಹಾಲು, ನೀರೂ ಬೇಡ. ಆಮೇಲೆ ಮೇಲಿನ ಊಟದ ಜೊತೆ ಎರಡು ವರ್ಷದವರೆಗೆ, ಅದಕ್ಕೂ ಮುಂದೆ ಎದೆಹಾಲು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎದೆಹಾಲು ತಪ್ಪಿಸಿ ಬಾಟಲಿ ಹಾಲಿಗೆ ಹಾಕಿದ ಎಳೆ ಕೂಸಿಗೆ ಬೇಸಿಗೆಯಲ್ಲಿ ಭೇದಿ ಹತ್ತಿದರೆ ಒಂದೆರಡು ದಿನದಲ್ಲೇ ಪರಿಸ್ಥಿತಿ ಕೈಮೀರಬಹುದು.

ಆರು ತಿಂಗಳಿಂದ ಎರಡು ವರ್ಷದವರೆಗೆ ಅಗಲಿಕೆ ಹೆಚ್ಚು ತಾಗುತ್ತದೆ. ಹಚ್ಚಿಕೊಂಡಾಗಿದೆ, ಆದರೆ "ಅವ್ವ ಯುಗಾದಿಗೆ ಬರ್ತಾಳ" ಎಂದರೆ ಅರ್ಥವಾಗುವ ವಯಸ್ಸಲ್ಲ. ನನ್ನನ್ನು ಕೇಳಿದರೆ, ಒಂದೂವರೆ ವರ್ಷದೊಳಗಿನ ಕೂಸಿದ್ದರೆ ಆ ಒಂದು ಸುಗ್ಗಿ ಅವ್ವ ಊರಲ್ಲೇ ಉಳಿಯಲು ಏನಾದರೂ ದಾರಿ ಇದೆಯಾ ಎಂದು ಮೊದಲು ನೋಡಿ. ಹಲವು ಗ್ರಾಮ ಪಂಚಾಯ್ತಿಗಳಲ್ಲಿ ಕೂಲಿ ಮಾಡುವ ತಾಯಂದಿರ ಮಕ್ಕಳಿಗಾಗಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಇದೆ. ನಿಮ್ಮ ಪಂಚಾಯ್ತಿಯಲ್ಲಿ ಇದೆಯಾ, ನಡೆಯುತ್ತಿದೆಯಾ ಎಂದು ಖುದ್ದು ಹೋಗಿ ಕೇಳಿ.

ಕೂಸನ್ನು ಜೊತೆಗೇ ಕರೆದುಕೊಂಡು ಹೋಗುವುದು ಇನ್ನೊಂದು ದಾರಿ. ಕಟ್ಟಡದ ಜಾಗದಲ್ಲಿ ಸಂಪು, ಕಬ್ಬಿಣದ ಸರಳು, ಧೂಳು ಎಲ್ಲ ಇರುತ್ತವೆ, ಅದನ್ನು ಹಗುರವಾಗಿ ತಗೊಳ್ಳಬೇಡಿ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡ ಕೆಲಸದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ, ನೋಡಿಕೊಳ್ಳುವ ಆಳು ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳಿತ್ತು. ಮೇಸ್ತ್ರಿಯನ್ನು ಹೋಗುವ ಮುಂಚೆಯೇ ಕೇಳಿ, ಹೋದಮೇಲೆ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಶೆಡ್ಡಿನ ಹತ್ತಿರದ ಅಂಗನವಾಡಿಗೂ ಹೋಗಿ ಬನ್ನಿ. ಬೇರೆ ಊರಿನವರು ಎಂದು ಹೇಳಿ ವಾಪಸ್ ಕಳಿಸುವ ಹಾಗಿಲ್ಲ.

ಮೂರು ವರ್ಷ ದಾಟಿದ ಮಕ್ಕಳಿಗೆ ಮಾತಿನಿಂದ ಹೇಳಿ ಅರ್ಥ ಮಾಡಿಸಬಹುದು. ನೋವು ಅವರಿಗೂ ಆಗುತ್ತದೆ, ಆದರೆ ಕಾಯುವುದು ಏನೆಂದು ಅವರಿಗೆ ಗೊತ್ತು.

ಇಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. "ಹುಟ್ಟಿದ ಕೂಡಲೇ ಕೂಸನ್ನ ಎಸ್‌ಎನ್‌ಸಿಯುದಲ್ಲಿ ಇಟ್ಟಿದ್ದರು, ವಾರಗಟ್ಟಲೆ ನನ್ನ ಹತ್ತಿರ ಇರಲಿಲ್ಲ, ಅದಕ್ಕೇ ಈಗ ಹಟ ಜಾಸ್ತಿಯಾ?" ಎಸ್‌ಎನ್‌ಸಿಯು ಎಂದರೆ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಹುಷಾರಿಲ್ಲದ ನವಜಾತ ಕೂಸುಗಳನ್ನು ಇಡುವ ಘಟಕ. ಇಲ್ಲ, ಆ ದಿನಗಳಿಂದ ನಂಟು ಕಡಿದು ಹೋಗುವುದಿಲ್ಲ. ನಂಟು ತಿಂಗಳುಗಟ್ಟಲೆ ಬೆಳೆಯುತ್ತದೆ. ಈಗ ಅಲ್ಲಿ ಕೂಸು ಇದ್ದವರು ಕಾಂಗರೂ ಆರೈಕೆ ಕೊಡಬಹುದಾ ಎಂದು ಕೇಳಿ. ಕೂಸನ್ನು ಬಟ್ಟೆಯಿಲ್ಲದೆ ಅವ್ವನ ಎದೆಗೆ ಅವಚಿ ಇಡುವ ಈ ಪದ್ಧತಿ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ಅಪ್ಪನೂ ಕೊಡಬಹುದು, ಅಜ್ಜಿಯೂ ಕೊಡಬಹುದು.

2. ಯಾರ ಕೈಯಲ್ಲಿ ಬಿಡುತ್ತೀರಿ: ಒಬ್ಬರನ್ನು ಗೊತ್ತು ಮಾಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಓದಲು ಟೈಮ್ ಇದ್ದರೆ ಇದನ್ನು ಓದಿ.

"ಮನೆ ತುಂಬ ಮಂದಿ ಅದಾರ, ಯಾರಾದರೂ ನೋಡ್ಕೋತಾರ" ಎನ್ನುವುದು ನಮ್ಮ ಕಡೆಯ ದೊಡ್ಡ ತಪ್ಪು. ಎಲ್ಲರೂ ನೋಡಿಕೊಳ್ಳುವ ಕೂಸನ್ನು ಯಾರೂ ನೋಡಿಕೊಳ್ಳುವುದಿಲ್ಲ. ಬೆಳಿಗ್ಗೆ ಅಜ್ಜಿ, ಅಜ್ಜಿ ಹತ್ತಿ ಬಿಡಿಸಲು ಹೋದಾಗ ದೊಡ್ಡವ್ವ, ಸಂಜೆ ಪಕ್ಕದ ಮನೆ, ಮುಂದಿನ ತಿಂಗಳು ಅತ್ತೆಯ ಊರು. ಹೀಗೆ ಕೈಯಿಂದ ಕೈಗೆ ದಾಟುವ ಕೂಸಿಗೆ ಯಾರ ಹತ್ತಿರ ಅಳಬೇಕು ಎಂಬುದೇ ಗೊತ್ತಾಗುವುದಿಲ್ಲ.

ರೊಮೇನಿಯಾ ದೇಶದ ಅನಾಥಾಲಯಗಳಲ್ಲಿ ಇದನ್ನೇ ಅತಿಯಾದ ರೂಪದಲ್ಲಿ ನೋಡಲು ಸಿಕ್ಕಿತು. ಅಲ್ಲಿ ಮಕ್ಕಳಿಗೆ ಊಟ, ಬಟ್ಟೆ, ಸೂರು ಇತ್ತು. ಆದರೆ ಪಾಳಿ ಮೇಲೆ ಬರುವ ಆಯಾಗಳು, ಒಬ್ಬೊಬ್ಬರಿಗೆ ಹತ್ತಾರು ಮಕ್ಕಳು. 2000ದ ಸುಮಾರಿಗೆ ಬುಕಾರೆಸ್ಟ್ ನಗರದಲ್ಲಿ ಅಮೆರಿಕದ ವಿಜ್ಞಾನಿಗಳು ಇಂಥ 136 ಮಕ್ಕಳ ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಮಕ್ಕಳಿಗೆ ಸಾಕು ಮನೆಗಳನ್ನು ಕೊಟ್ಟರು. ಅನಾಥಾಲಯದಲ್ಲೇ ಉಳಿದವರಿಗಿಂತ ಸಾಕು ಮನೆಗೆ ಹೋದವರ ಮಾತು, ಬುದ್ಧಿ, ಜನರನ್ನು ಹಚ್ಚಿಕೊಳ್ಳುವ ಗುಣ ಸುಧಾರಿಸಿತು. ಎರಡು ವರ್ಷ ತುಂಬುವ ಮುಂಚೆ ಮನೆ ಸಿಕ್ಕವರಿಗೆ ಎಲ್ಲರಿಗಿಂತ ಹೆಚ್ಚು ಲಾಭವಾಯಿತು. ಸಾಕು ಅವ್ವ ಹೆತ್ತ ಅವ್ವ ಅಲ್ಲ, ಗಮನಿಸಿ. ಆದರೆ ಅವಳು ದಿನಾ ಅದೇ ಒಬ್ಬಳು. ನಿಮ್ಮ ಮನೆ ಅನಾಥಾಲಯ ಅಲ್ಲ, ಹೆದರಬೇಡಿ. ಒಬ್ಬರು ಅಂತ ಗೊತ್ತು ಮಾಡುವುದು ಏಕೆ ಮುಖ್ಯ ಎಂದು ತಿಳಿಯಲಿ ಅಂತ ಹೇಳಿದೆ.

ಆ ಒಬ್ಬರು ಅಜ್ಜಿಯೇ ಆಗಿದ್ದರೆ, ಪ್ರೀತಿ ಇದೆಯಾ ಎಂದು ಕೇಳಬೇಕಾಗಿಲ್ಲ, ಅದು ಇದ್ದೇ ಇರುತ್ತದೆ. ಕೇಳಬೇಕಾದ್ದು ಬೇರೆ. ಅಜ್ಜಿಗೆ ಮೊಣಕಾಲು ನೋವಿದೆಯಾ? ಓಡುವ ಕೂಸಿನ ಹಿಂದೆ ಹೋಗಲು ಆಗುತ್ತದಾ? ಕಣ್ಣಿಗೆ ಪೊರೆ ಬಂದಿದ್ದರೆ ರಾತ್ರಿ ಕೂಸು ವಾಂತಿ ಮಾಡಿದ್ದು ಕಾಣುತ್ತದಾ? ಕಳೆ ತೆಗೆಯುವ ದಿನಗಳಲ್ಲಿ ಅವರೂ ಕೂಲಿಗೆ ಹೋಗಲೇಬೇಕಾ? ಹೋಗಬೇಕು ಎಂದಾದರೆ ಆ ದಿನದ ಕೂಲಿಯನ್ನು ನೀವು ಕಳಿಸುವ ದುಡ್ಡಿನಲ್ಲಿ ಸೇರಿಸಿ ಲೆಕ್ಕ ಹಾಕಿ. ಕೂಸನ್ನು ನೋಡಿಕೊಳ್ಳುವುದೂ ಕೆಲಸವೇ, ಅಜ್ಜಿ ಮಾಡಿದರೆ ಅದು ಬಿಟ್ಟಿ ಆಗುವುದಿಲ್ಲ.

ಅಪ್ಪ ಊರಲ್ಲೇ ಉಳಿಯುವಂತಿದ್ದರೆ ಅಪ್ಪನೇ ಆ ಒಬ್ಬರು ಆಗಬಹುದು. ಗಂಡಸಿಗೆ ಇದೆಲ್ಲ ಬರುವುದಿಲ್ಲ ಎನ್ನುವುದು ಸುಮ್ನೆ ಮಾತು. ಉಣಿಸಿ, ತೊಳೆದು, ಮಲಗಿಸಿದವರನ್ನು ಕೂಸು ಹಚ್ಚಿಕೊಳ್ಳುತ್ತದೆ. ಅದು ಮೀಸೆ ನೋಡುವುದಿಲ್ಲ.

ಎಚ್ಚರಿಕೆ: ಒಂಬತ್ತು ಹತ್ತು ವರ್ಷದ ಅಕ್ಕನ ಸೊಂಟಕ್ಕೆ ಕೂಸನ್ನು ಕಟ್ಟಬೇಡಿ. ಆಟಕ್ಕೆ ಎತ್ತಿಕೊಳ್ಳಲಿ, ಆದರೆ ಜವಾಬ್ದಾರಿ ಅವಳದಾದರೆ ಮೊದಲು ಅವಳ ಶಾಲೆ ತಪ್ಪುತ್ತದೆ. ಒಬ್ಬರ ಬದಲು ಇಬ್ಬರು ಮಕ್ಕಳಿಗೆ ತೊಂದರೆ.

3. ಎದೆಹಾಲು ಬಿಡಿಸುವುದು, ಊರು ಬಿಡುವುದು ಒಂದೇ ವಾರ ಬೇಡ

ನಾಳೆ ಬಸ್ಸು ಎಂದರೆ ಇವತ್ತು ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿ ಹಾಲು ಬಿಡಿಸುವುದನ್ನು ನೋಡಿದ್ದೇನೆ. ಕೂಸು ಬಾಯಿ ಹಾಕುತ್ತದೆ, ಕಹಿ ತಾಗಿ ಅವ್ವನ ಮುಖ ನೋಡುತ್ತದೆ, ಮತ್ತೆ ಬಾಯಿ ಹಾಕುತ್ತದೆ. ಮರುದಿನ ಎದ್ದರೆ ಅವ್ವನೇ ಇಲ್ಲ. ಎರಡು ಪೆಟ್ಟು ಒಟ್ಟಿಗೇ ಬೀಳುವುದು ಬೇಡ.

ಹೋಗುವ ಒಂದು ತಿಂಗಳ ಮುಂಚೆಯೇ ಶುರು ಮಾಡಿ. ಮೊದಲು ಮಧ್ಯಾಹ್ನದ ಒಂದು ಹೊತ್ತು ನಿಲ್ಲಿಸಿ, ಆ ಹೊತ್ತಿಗೆ ಅಜ್ಜಿ ಕೈಯಿಂದ ಊಟ ಮಾಡಿಸಿ. ಮೂರು ನಾಲ್ಕು ದಿನ ಬಿಟ್ಟು ಇನ್ನೊಂದು ಹೊತ್ತು. ರಾತ್ರಿ ಮಲಗುವಾಗಿನದನ್ನು ಕೊನೆಗೆ ಬಿಡಿಸಿ. ಹೀಗೆ ಮಾಡಿದರೆ ನಿಮ್ಮ ಎದೆಯೂ ಗಟ್ಟಿಯಾಗಿ ಕಲ್ಲಿನಂತಾಗುವುದಿಲ್ಲ. ಗಟ್ಟಿಯಾದರೆ ನೋವು ಇಳಿಯುವಷ್ಟು ಹಾಲು ಕೈಯಿಂದ ಹಿಂಡಿ ತೆಗೆದು ತಣ್ಣೀರ ಬಟ್ಟೆ ಇಡಿ. ಕೆಂಪಾಗಿ ಜ್ವರ ಬಂದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಊಟ ಹೇಗಿರಬೇಕು ಎಂದು ಅಜ್ಜಿಗೆ ಹೇಳಿಕೊಡಲು ಹೋಗಬೇಡಿ, ಕೂತು ಒಟ್ಟಿಗೆ ತೀರ್ಮಾನ ಮಾಡಿ. ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಬೇಳೆಯಲ್ಲಿ ಕಿವುಚಿದ ಅನ್ನ, ಮೊಟ್ಟೆ, ನುಣ್ಣಗೆ ಪುಡಿ ಮಾಡಿದ ಶೇಂಗಾ, ಬಾಳೆಹಣ್ಣು. ಚಮಚದಿಂದ ಸುರಿದುಹೋಗದಷ್ಟು ದಪ್ಪ ಇರಲಿ. ಬರೀ ಬೇಳೆಕಟ್ಟಿನ ನೀರು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ. ಹಾಲು ಕೊಡುವುದಾದರೆ ಕುದಿಸಿ ಆರಿಸಿ ಒಳಲೆಯಲ್ಲೋ ಬಟ್ಟಲಿನಲ್ಲೋ ಕೊಡಿ. ಬಾಟಲಿಯ ನಿಪ್ಪಲ್ ತೊಳೆಯುವುದು ಕಷ್ಟ, ಅದರಿಂದಲೇ ಭೇದಿ. ಚಹಾದಲ್ಲಿ ಬಿಸ್ಕತ್ತು ಅದ್ದಿ ಕೊಡುವುದನ್ನಂತೂ ನಿಲ್ಲಿಸಬೇಕು. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರಲು ಚಹಾ ಬಿಡುವುದಿಲ್ಲ, ಮೇಲೆ ಹಸಿವೂ ಸಾಯುತ್ತದೆ.

4. ಕನಿಷ್ಠ ಮೂರು ವಾರ ತಾಲೀಮು

1960ರ ದಶಕದ ಕೊನೆಯಲ್ಲಿ ಲಂಡನ್ನಿನ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ, ಎರಡನೇ ಹೆರಿಗೆಗೆ ಆಸ್ಪತ್ರೆ ಸೇರುವ ತಾಯಂದಿರ ಚಿಕ್ಕ ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿದರು. ಮುಂಚೆಯೇ ಮಕ್ಕಳ ಜೊತೆ ಗುರುತು ಮಾಡಿಕೊಂಡರು. ಅವರ ಊಟ, ನಿದ್ದೆ, ಚಟಗಳನ್ನೆಲ್ಲ ಕೇಳಿ ಹಾಗೇ ನಡೆಸಿದರು. ಅವರವರ ಹಾಸಿಗೆ ಬಟ್ಟೆ, ಆಟಿಕೆ, ಅಮ್ಮನ ಫೋಟೋ ತರಿಸಿಕೊಂಡರು. ಅಮ್ಮನ ಮಾತು ದಿನಾ ಆಡಿದರು. ಆ ಮಕ್ಕಳು ಅತ್ತರು, ಹಟ ಮಾಡಿದರು, ಆದರೆ ಕುಸಿಯಲಿಲ್ಲ. ಅದೇ ದಂಪತಿ ದಾಖಲಿಸಿದ ಇನ್ನೊಂದು ಕೂಸು, 17 ತಿಂಗಳ ಗಂಡು ಮಗು, ಬರೀ 9 ದಿನ ಶಿಶುಕೇಂದ್ರದಲ್ಲಿತ್ತು. ಅಲ್ಲಿ ಒಳ್ಳೆಯ ಹುಡುಗಿಯರೇ ಇದ್ದರು, ಆದರೆ ಪಾಳಿ ಬದಲಾಗುತ್ತಿತ್ತು. ಆ ಕೂಸು ಒಬ್ಬೊಬ್ಬರ ಹತ್ತಿರ ಹೋಗಿ ಹೋಗಿ ಸೋತು, ಊಟ ಬಿಟ್ಟು, ಕೊನೆಗೆ ಅಮ್ಮ ಬಂದಾಗ ಅವಳಿಂದಲೇ ಮುಖ ತಿರುಗಿಸಿತು.

ಹಾಗಾದರೆ ನೀವು ಮಾಡಬೇಕಾದ್ದು ಇಷ್ಟು. ಅಜ್ಜಿ ಬೇರೆ ಊರಿನಲ್ಲಿದ್ದರೆ ಮೂರು ವಾರ ಮುಂಚೆ ನೀವೂ ಕೂಸಿನ ಜೊತೆ ಅಲ್ಲಿ ಹೋಗಿ ಇರಿ. ಮೊದಲ ವಾರ ನೀವು ಇದ್ದಾಗಲೇ ಅಜ್ಜಿ ಸ್ನಾನ ಮಾಡಿಸಲಿ, ಉಣಿಸಲಿ. ಎರಡನೇ ವಾರ ನೀವು ಒಂದೆರಡು ತಾಸು ಸಂತೆಗೋ ಹೊಲಕ್ಕೋ ಹೋಗಿ ಬನ್ನಿ. ಹೋಗುವಾಗ ಹೇಳಿ ಹೋಗಿ, ಹೇಳಿದಂತೆ ವಾಪಸ್ ಬನ್ನಿ. ಮೂರನೇ ವಾರ ಒಂದು ರಾತ್ರಿ ಅಜ್ಜಿ ಮಗ್ಗುಲಲ್ಲೇ ಮಲಗಲಿ. ಹೋದ ಅವ್ವ ತಿರುಗಿ ಬರುತ್ತಾಳೆ ಎಂಬುದನ್ನು ಕೂಸು ಮಾತಿನಿಂದ ಕಲಿಯುವುದಿಲ್ಲ, ನೋಡಿ ನೋಡಿ ಕಲಿಯುತ್ತದೆ.

ನಿಮ್ಮ ಒಂದು ಹಳೆ ಸೀರೆಯನ್ನು ಒಗೆಯದೆ ಬಿಟ್ಟು ಹೋಗಿ. ಕೂಸು ಹೊದ್ದು ಮಲಗಲಿ, ಸೆರಗು ಬಾಯಿಗೆ ಇಟ್ಟುಕೊಳ್ಳಲಿ. ವರ್ಷದೊಳಗಿನ ಕೂಸಾದರೆ ಮುಖದ ಹತ್ತಿರ ಸಡಿಲ ಬಟ್ಟೆ ಬೇಡ, ಉಸಿರು ಕಟ್ಟಬಹುದು. ಅಂಥವರಿಗೆ ಸೀರೆಯನ್ನು ಅಜ್ಜಿ ಮೈಮೇಲೆ ಹಾಕಿಕೊಂಡು ಎತ್ತಿಕೊಂಡರೆ ಸಾಕು. ನಿಮ್ಮ ಸೀರೆಗಳನ್ನೇ ಹಾಕಿ ಹೊಲಿದ ಕೌದಿ ಮನೆಯಲ್ಲಿದ್ದರೆ ಅದನ್ನು ಎಲ್ಲಿಗೆ ಹೋದರೂ ಕೂಸಿನ ಜೊತೆಗೇ ಕಳಿಸಿ. ನೀವು ದಿನಾ ಹಾಡುವ ಜೋಗುಳವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಹೋಗಿ. ರಾಗ ಕೆಟ್ಟಿದ್ದರೂ ಪರವಾಗಿಲ್ಲ.

5. ಕಾಗದ, ದುಡ್ಡು

ತಾಯಿ ಕಾರ್ಡನ್ನು ಅಜ್ಜಿಯ ಕೈಗೆ ಕೊಟ್ಟು ಹೋಗಿ, ಫೋಟೋ ತೆಗೆದು ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಚುಚ್ಚುಮದ್ದು ಯಾವಾಗ ಎಂದು ಆಶಾ ಕಾರ್ಯಕರ್ತೆಗೆ ಹೇಳಿ. 9 ತಿಂಗಳಿನ ದಡಾರ ಲಸಿಕೆ, 16ರಿಂದ 24 ತಿಂಗಳ ನಡುವಿನ ಬೂಸ್ಟರ್, ಆರು ತಿಂಗಳಿಗೊಮ್ಮೆ ವಿಟಮಿನ್ ಎ, ಇವು ಗುಳೆ ಮನೆಗಳಲ್ಲಿ ತಪ್ಪುವುದು ಜಾಸ್ತಿ. ಕೂಸಿನ ಆಧಾರ್, ಜನನ ಪ್ರಮಾಣಪತ್ರ ಊರಲ್ಲೇ ಇರಲಿ. ರೇಷನ್ ಕಾರ್ಡ್ ಮಾತ್ರ ಎಳೆದಾಡಬೇಡಿ. ಕಾರ್ಡಿನಲ್ಲಿ ಅಜ್ಜಿಯ ಹೆಸರೂ ಇದ್ದರೆ ಊರಲ್ಲಿ ಅವರ ಬೆರಳಚ್ಚಿನಿಂದಲೇ ರೇಷನ್ ಬರುತ್ತದೆ. ಬೆರಳು ಸವೆದು ಮಷೀನು ತಗೊಳ್ಳುತ್ತಿಲ್ಲ ಎಂದಾದರೆ ಹೋಗುವ ಮುಂಚೆಯೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಸರಿ ಮಾಡಿಸಿ. ಮನೆಯಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ.

6. ಹೋಗುವ ದಿನ: ಕದ್ದು ಹೋಗಬೇಡಿ

ರಾತ್ರಿ ಬಸ್ಸು, ಕೂಸು ಮಲಗಿದೆ, "ಈಗಲೇ ಹೊಂಡ್ರಿ, ಎದ್ದರ ಬಿಡಂಗಿಲ್ಲ" ಎಂದು ಮನೆಯವರೆಲ್ಲ ಅವಸರ ಮಾಡುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಕದ್ದು ಹೋದಾಗ ನಿಮಗೆ ಅಳು ಕೇಳಿಸುವುದಿಲ್ಲ ಅಷ್ಟೇ, ಕೂಸಿಗೆ ಅಳು ತಪ್ಪುವುದಿಲ್ಲ. ಮಲಗಿದಾಗ ಅವ್ವ ಮಾಯವಾಗುತ್ತಾಳೆ ಎಂದು ಕಲಿತ ಕೂಸು ಆಮೇಲೆ ಮಲಗಲು ಹೆದರುತ್ತದೆ. ಅಜ್ಜಿ ಬಚ್ಚಲಿಗೆ ಹೋದರೂ ಹಿಂದೆಯೇ ಓಡುತ್ತದೆ.

ಸಂಜೆಯೇ ಉಣಿಸಿ, ಎತ್ತಿಕೊಂಡು, ಸಣ್ಣ ಮಾತಲ್ಲಿ ಹೇಳಿ. "ಅವ್ವ ಕೆಲಸಕ್ಕ ಹೋಗ್ತಾಳ, ಅಜ್ಜಿ ನಿನ್ನ ಕೂಡ ಇರ್ತಾಳ, ಅವ್ವ ತಿರುಗಿ ಬರ್ತಾಳ." ಎರಡು ವರ್ಷದ ಕೂಸಿಗೂ ಇದನ್ನೇ ಹೇಳಿ, ಮಾತು ಬರದ ಕೂಸಿಗೂ ಹೇಳಿ. ಅಜ್ಜಿಯ ಕೈಗೆ ನೀವೇ ಕೊಡಿ, ಅಜ್ಜಿ ಕಿತ್ತುಕೊಳ್ಳುವುದು ಬೇಡ. ಅತ್ತರೆ ಅಳಲಿ. ಅಜ್ಜಿಯ ಎದೆಗೆ ಒರಗಿ ಅಳುವುದು ಬೇರೆ, ಖಾಲಿ ಹಾಸಿಗೆಯಲ್ಲಿ ಎದ್ದು ಅಳುವುದು ಬೇರೆ. ಬೀಳ್ಕೊಡುವುದನ್ನು ಉದ್ದ ಎಳೆಯಬೇಡಿ. ಮೂರು ಸಲ ಹೋಗಿ ಮೂರು ಸಲ ತಿರುಗಿ ಬಂದು ಅಪ್ಪಿಕೊಂಡರೆ ಕೂಸು ಮತ್ತಷ್ಟು ಗಾಬರಿಯಾಗುತ್ತದೆ.

ಹೇಳಬಾರದ ಮಾತುಗಳೂ ಇವೆ. "ಈಗ ಬರ್ತೀನಿ" ಎಂಬ ಸುಳ್ಳು ಬೇಡ. "ಅತ್ತರ ಅವ್ವ ಬರಂಗಿಲ್ಲ" ಎಂದು ಯಾರೂ ಹೆದರಿಸುವುದು ಬೇಡ, ಅವ್ವ ಹೋದದ್ದು ತನ್ನ ತಪ್ಪಿನಿಂದ ಎಂದು ಮೂರು ನಾಲ್ಕು ವರ್ಷದ ಮಕ್ಕಳು ನಿಜವಾಗಿ ನಂಬಿಬಿಡುತ್ತಾರೆ. "ನಿಮ್ಮವ್ವ ನಿನ್ನ ಬಿಟ್ಟು ಓಡಿ ಹೋದಳು" ಎಂದು ತಮಾಷೆ ಮಾಡುವ ನೆರೆಯವರು ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರೆ. ಅವರ ಬಾಯಿ ಮುಚ್ಚಿಸುವ ಕೆಲಸ ಅಜ್ಜಿಗೆ ವಹಿಸಿ, ಅವರು ಚೆನ್ನಾಗಿ ಮಾಡುತ್ತಾರೆ.

7. ಫೋನು

ಒಂದೂವರೆ ವರ್ಷದೊಳಗಿನ ಮಕ್ಕಳಿಗೆ ಮೊಬೈಲ್ ತೋರಿಸಬೇಡಿ ಎನ್ನುವ ಮಕ್ಕಳ ವೈದ್ಯರೂ ಮನೆಯವರ ಜೊತೆಗಿನ ವಿಡಿಯೋ ಕಾಲ್‌ಗೆ ವಿನಾಯಿತಿ ಕೊಡುತ್ತಾರೆ. ಎದುರಿನವರು ಕೂಸಿನ ನಗುವಿಗೆ ನಗುತ್ತಾರೆ, ಕೂಗಿಗೆ ಓಗೊಡುತ್ತಾರೆ, ಅದೇ ವ್ಯತ್ಯಾಸ.

ದಿನಾ ಒಂದೇ ಹೊತ್ತಿಗೆ ಮಾಡಿ. ಕೂಸು ಉಂಡು ಆಡುತ್ತಿರುವ ಹೊತ್ತು ಒಳ್ಳೆಯದು, ಮಲಗುವ ಹೊತ್ತಿಗೆ ಮಾಡಿದರೆ ಅತ್ತು ರಾತ್ರಿಯಿಡೀ ಅಜ್ಜಿಗೆ ಜಾಗರಣೆ. ಐದು ನಿಮಿಷ ಸಾಕು. ಅದೇ ಹಾಡು, ಅದೇ ಬೂಚಿ ಆಟ, ಅದೇ ಮುತ್ತು. ಕೂಸು ನೋಡದೆ ಓಡಿಹೋದರೆ ಬೇಸರ ಬೇಡ, ಹಿಡಿದು ತಂದು "ಅವ್ವಗ ಟಾಟಾ ಮಾಡು" ಎಂದು ಒತ್ತಾಯವೂ ಬೇಡ. ಕೆಲವು ಮಕ್ಕಳು ಮೊದಲ ವಾರ ಫೋನು ಕಂಡರೆ ಅಳುತ್ತವೆ. ಅದನ್ನು ನೋಡಿ ಮನೆಯವರು ಫೋನು ಮಾಡುವುದನ್ನೇ ನಿಲ್ಲಿಸುತ್ತಾರೆ, ನಿಲ್ಲಿಸಬೇಡಿ. ಮುಖ ತೋರಿಸದೆ ಬರೀ ದನಿಯಿಂದ ಶುರು ಮಾಡಿ ನೋಡಿ.

ಅಜ್ಜಿಯೊಡನೆ ದುಡ್ಡಿನ ಜಗಳ, ಸಾಲದ ಮಾತು ಬೇರೆ ಕಾಲ್‌ನಲ್ಲಿ ಇರಲಿ.

8. ಮೊದಲ ತಿಂಗಳು: ಯಾವುದು ಸಹಜ, ಯಾವುದಕ್ಕೆ ಎಚ್ಚರ

ರಾತ್ರಿ ಎದ್ದು ಅಳುವುದು, ಅಜ್ಜಿಯನ್ನು ಬಿಡದೆ ಅಂಟಿಕೊಳ್ಳುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಊಟಕ್ಕೆ ಹಟ, ಇವೆಲ್ಲ ಮೊದಲ ಎರಡು ಮೂರು ವಾರ ಇದ್ದದ್ದೇ. ಅಳುವ ಕೂಸು ಇನ್ನೂ ನಂಬಿಕೆ ಇಟ್ಟುಕೊಂಡಿದೆ ಎಂದೇ ಅರ್ಥ.

ಎಲ್ಲರೂ ತಪ್ಪು ತಿಳಿಯುವುದು ಇದರ ನಂತರದ ಮೌನವನ್ನು. ಜೇಮ್ಸ್ ರಾಬರ್ಟ್‌ಸನ್ 1950ರ ಸುಮಾರಿಗೆ ಆಸ್ಪತ್ರೆಗಳಲ್ಲಿ ಇದನ್ನು ಗಮನಿಸಿದರು. ಆಗ ಅಲ್ಲಿ ಮಕ್ಕಳನ್ನು ನೋಡಲು ಅಪ್ಪ ಅಮ್ಮನನ್ನು ಸರಿಯಾಗಿ ಬಿಡುತ್ತಲೇ ಇರಲಿಲ್ಲ. ಮಗು ಮೊದಲು ಜೋರಾಗಿ ಅಳುತ್ತದೆ, ಹುಡುಕುತ್ತದೆ. ಆಮೇಲೆ ಮಂಕಾಗಿ ಮೂಲೆ ಹಿಡಿಯುತ್ತದೆ. ಕೊನೆಗೆ ಯಾರ ಹಂಗೂ ಇಲ್ಲದಂತೆ ಆಡುತ್ತದೆ, ಉಣ್ಣುತ್ತದೆ, ಅಮ್ಮ ಬಂದರೆ ತಿರುಗಿಯೂ ನೋಡುವುದಿಲ್ಲ. ನರ್ಸ್‌ಗಳು ಎರಡನೇ ಹಂತವನ್ನೇ ನೋಡಿ "ಮಗು ಹೊಂದಿಕೊಂಡಿತು" ಎನ್ನುತ್ತಿದ್ದರು. ನಮ್ಮ ಮನೆಗಳಲ್ಲೂ ಅದೇ ಮಾತು ಕೇಳುತ್ತೇವೆ. "ಈಗ ಭಾಳ ಶಾಣ್ಯಾ ಆಗ್ಯಾನ, ಅವ್ವನ್ನ ನೆನಸೂದ ಇಲ್ಲ." ಈ ಮಾತು ಕೇಳಿದರೆ ಖುಷಿಪಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಬಿದ್ದು ಪೆಟ್ಟಾದಾಗ ಯಾರ ಹತ್ತಿರ ಓಡುತ್ತಾನೆ? ಅಜ್ಜಿ ಹತ್ತಿರ ಓಡಿದರೆ ಒಳ್ಳೆಯದು, ನಿಜವಾಗಿ ಹೊಂದಿಕೊಂಡಿದ್ದಾನೆ. ಯಾರ ಹತ್ತಿರವೂ ಹೋಗದೆ ಅಲ್ಲೇ ಎದ್ದು ನಿಂತರೆ, ಇಲ್ಲಾ ಗುರುತಿಲ್ಲದವರ ಕಾಲನ್ನೂ ಅಪ್ಪಿಕೊಂಡು ಅವರ ಹಿಂದೆ ಹೊರಟರೆ, ಅದು ಒಳ್ಳೆಯ ಗುರುತಲ್ಲ.

ಇವನ್ನೂ ನೋಡುತ್ತಿರಿ: ಮೂರು ವಾರ ಕಳೆದರೂ ಆಟವೇ ಇಲ್ಲ, ಬರುತ್ತಿದ್ದ ಮಾತು ನಿಂತಿದೆ, ಕೂತಲ್ಲೇ ತೂಗಾಡುತ್ತದೆ, ತಲೆ ಗೋಡೆಗೆ ಬಡಿದುಕೊಳ್ಳುತ್ತದೆ, ತೂಕ ಇಳಿಯುತ್ತಿದೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿಸಿ. ಅಲ್ಲಿ ತೋಳಿನ ಸುತ್ತಳತೆ ಅಳೆಯುವ ಬಣ್ಣದ ಪಟ್ಟಿ ಇರುತ್ತದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ. ಅಂಥ ಮಕ್ಕಳನ್ನು ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಸೇರಿಸಬೇಕಾಗಬಹುದು, ಅಂಗನವಾಡಿ ಕಾರ್ಯಕರ್ತೆಯೇ ದಾರಿ ಹೇಳುತ್ತಾರೆ. ಬೆಳವಣಿಗೆ ಹಿಂದೆ ಬಿದ್ದಿದೆ ಅನಿಸಿದರೆ ಆರ್‌ಬಿಎಸ್‌ಕೆ ತಂಡ ಅಂಗನವಾಡಿಗೆ ಬಂದಾಗ ತೋರಿಸಿ, ಅದು ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ. ಅಜ್ಜಿಗೋ ನಿಮಗೋ ಮನಸ್ಸು ಭಾರವಾದರೆ 14416ಕ್ಕೆ ಫೋನು ಮಾಡಿ. ಅದು ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಪೈಕಿ ಯಾವುದಾದರೂ ಗಟ್ಟಿಯಾಗಿ ಕಂಡರೆ ಮೇಸ್ತ್ರಿಗೆ ಹೇಳಿ ಒಂದು ಸಲ ಬಂದು ಹೋಗಿ. ಬಸ್ ಚಾರ್ಜು, ಎರಡು ದಿನದ ಕೂಲಿ ಹೋಗುತ್ತದೆ, ಹೋಗಲಿ.

"ಹಾಗಾದರೆ ಆದ ಹಾನಿ ಜೀವನಪೂರ್ತಿ ಉಳಿಯುತ್ತದಾ?" ಎಂದು ಕೇಳುವವರಿಗೆ: ಬರೀ ಅಗಲಿಕೆಯೊಂದರಿಂದಲೇ ಹಾಗಾಗುವುದು ಅಪರೂಪ. ಬ್ರಿಟನ್ನಿನ ಇನ್ನೊಬ್ಬ ಮನೋವೈದ್ಯ ಮೈಕೆಲ್ ರಟ್ಟರ್ 1970ರ ದಶಕದಲ್ಲೇ ತೋರಿಸಿದ್ದು ಇದನ್ನೇ. ಅಗಲಿಕೆಗಿಂತ ಅದರ ಹಿಂದೆ ಮುಂದೆ ಇರುವ ಮನೆಯ ಜಗಳ, ಅಲಕ್ಷ್ಯ ಹೆಚ್ಚು ಕೆಡಿಸುತ್ತವೆ. ಅಪ್ಪ ಕುಡಿದು ಬಡಿಯುವ ಮನೆಯಲ್ಲಿ ಅವ್ವ ಜೊತೆಗಿದ್ದರೂ ಕೂಸಿಗೆ ಸುಖವಿಲ್ಲ.

9. ವಾಪಸ್ ಬಂದಾಗ

ಐದಾರು ತಿಂಗಳಾದ ಮೇಲೆ ಬರುತ್ತೀರಿ. ಬ್ಯಾಗು ಇಳಿಸುವ ಮುಂಚೆ ಕೂಸನ್ನು ಬಾಚಿ ತಬ್ಬಿಕೊಳ್ಳಬೇಕು ಅನಿಸುತ್ತದೆ. ಕೂಸು ಅಜ್ಜಿಯ ಸೀರೆ ಹಿಂದೆ ಅಡಗುತ್ತದೆ. ಸುತ್ತ ನಿಂತವರು ನಗುತ್ತಾ "ಯಾರು ಇವರು, ಹೇಳು ನೋಡೋಣ" ಎಂದು ಪರೀಕ್ಷೆ ಶುರು ಮಾಡುತ್ತಾರೆ. ಅವ್ವನ ಕಣ್ಣಲ್ಲಿ ನೀರು.

ಕೂಸು ನಿಮ್ಮನ್ನು ಮರೆತಿದೆ ಅಂತಲ್ಲ. ಎರಡು ವರ್ಷದ ಮಕ್ಕಳಲ್ಲಿ ಹೆಚ್ಚಿನ ಸಲ ಅದು ಸಿಟ್ಟು, ನಾಚಿಕೆ, ಮತ್ತೆ ಹೋಗುತ್ತಾಳೇನೋ ಎಂಬ ಅನುಮಾನ ಎಲ್ಲ ಸೇರಿದ್ದು. ಎಳೆದು ಎತ್ತಿಕೊಳ್ಳಬೇಡಿ. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು, ಅಜ್ಜಿ ಜೊತೆ ಮಾತಾಡುತ್ತಾ, ಹಳೆಯ ಜೋಗುಳ ಗುನುಗಿ. ಕೂಸು ತಾನಾಗಿ ಬರುವವರೆಗೆ ಕಾಯಿರಿ, ಅರ್ಧ ದಿನವಾದರೂ ಸರಿ. ಮಿಠಾಯಿ, ಗೊಂಬೆ ತೋರಿಸಿ ಕರೆಯಬೇಡಿ.

ಬಂದ ಮರುದಿನವೇ ಅಜ್ಜಿಯ ಹಾಸಿಗೆಯಿಂದ ಬಿಡಿಸಬೇಡಿ. ಈ ತಪ್ಪನ್ನು ಬೆಂಗಳೂರಿನಲ್ಲಿ ಕೆಲಸ ಮಾಡುವ ಓದಿದವರೇ ಹೆಚ್ಚು ಮಾಡುತ್ತಾರೆ. ಮೂರು ವರ್ಷ ಅಜ್ಜಿ ಹತ್ತಿರ ಬೆಳೆಸಿ, ಎಲ್‌ಕೆಜಿಗೆ ಸೀಟು ಸಿಕ್ಕಿತು ಎಂದು ಜೂನ್ ಮೊದಲ ವಾರ ಬಂದು ಕಾರಿನಲ್ಲಿ ಕೂರಿಸಿಕೊಂಡು ಹೋಗಿಬಿಡುತ್ತಾರೆ. ಕೂಸಿಗೆ ಇದು ಎರಡನೇ ಅಗಲಿಕೆ. ಈ ಸಲ ಬಿಟ್ಟು ಬಂದಿರುವುದು ಅಜ್ಜಿಯನ್ನು. 4ನೇ ಹೆಜ್ಜೆಯ ತಾಲೀಮನ್ನೇ ತಿರುಗಿಸಿ ಮಾಡಿ, ಅಜ್ಜಿಯನ್ನೂ ಒಂದು ತಿಂಗಳು ಜೊತೆಗೆ ಕರೆದುಕೊಂಡು ಹೋಗಿ, ಆಮೇಲೂ ಅಜ್ಜಿಗೆ ದಿನಾ ಫೋನು ಇರಲಿ. ಅಜ್ಜಿ ಮುದ್ದು ಮಾಡಿ ಕೆಡಿಸಿದ್ದಾರೆ ಎಂಬ ಮಾತು ಕೂಸಿನ ಎದುರು ಬೇಡ, ಹಿಂದೆಯೂ ಬೇಡ.

ಬಂದ ಮೇಲೆ ಕೂಸು ಒಂದು ವಾರ ಚೆನ್ನಾಗಿದ್ದು ಆಮೇಲೆ ಹಟ, ಕಚ್ಚುವುದು, ಹೊಡೆಯುವುದು ಶುರು ಮಾಡಬಹುದು. ನೀವು ಉಳಿಯುತ್ತೀರಿ ಎಂಬ ಧೈರ್ಯ ಬಂದ ಮೇಲೆಯೇ ಅದು ಸಿಟ್ಟು ಹೊರಹಾಕುವುದು. ಹೊಡೆತ ಬೇಡ. ಕೈ ಹಿಡಿದು ತಡೆದು, ಹತ್ತಿರವೇ ಕೂತಿರಿ.

ಮತ್ತೆ ಹೋಗಲೇಬೇಕಾದರೆ, ಎರಡನೇ ಸಲ ಸುಲಭವಾಗುತ್ತದೆ ಎಂದುಕೊಳ್ಳಬೇಡಿ. ಬ್ಯಾಗು ಹೊರಗೆ ತೆಗೆದದ್ದು ಕಂಡರೆ ಸಾಕು, ಈ ಸಲ ಕೂಸಿಗೆ ಅರ್ಥವಾಗುತ್ತದೆ. ಆದ್ದರಿಂದ ಹಬ್ಬಕ್ಕೆ ಬಂದು ಎರಡೇ ದಿನಕ್ಕೆ ಹೊರಡುವಂತೆ ಟಿಕೆಟ್ ಮಾಡಿಸಬೇಡಿ, ಕನಿಷ್ಠ ಎಂಟು ಹತ್ತು ದಿನ ಇರಿ. ಹೊರಡುವ ವಿಷಯ ಎರಡು ದಿನ ಮುಂಚೆ ಹೇಳಿ. ಮೂರು ವರ್ಷ ದಾಟಿದ ಮಗುವಾದರೆ ಕ್ಯಾಲೆಂಡರಿನಲ್ಲಿ ನೀವು ಬರುವ ಹಬ್ಬದ ಮೇಲೆ ಕುಂಕುಮದಿಂದ ಒಂದು ಗುರುತು ಹಾಕಿ, ದಿನಾ ರಾತ್ರಿ ಅಜ್ಜಿ ಆ ದಿನದ ಮನೆಗೆ ಗೆರೆ ಎಳೆಸಲಿ. ಗುರುತು ಹಾಕಿದ ದಿನಕ್ಕೆ ಬರಲು ಆಗದಿದ್ದರೆ ನೀವೇ ಫೋನು ಮಾಡಿ ಮಗುವಿಗೆ ಹೇಳಿ, ಹೊಸ ದಿನಕ್ಕೆ ಗುರುತು ಹಾಕಿಸಿ.